ಎರಡನೇ ಶನಿವಾರ ಅಡವಿಗೆ

ಬರುವ ಎರಡನೇ ಶನಿವಾರಕ್ಕೆ ಒಂದು ಕಾರ್ಯಕ್ರಮ ಹಾಕಿಕೊಂಡಿದ್ದೇವೆ. ನಾವು ನಾಲ್ಕು ಮನೆಯವರು. ಎಲ್ಲರೂ ಕಲಬುರಗಿ, ಬೀದರ್ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಬೇರು ಬಿಟ್ಟವರು. ಸೇರಿದಾಗಲೆಲ್ಲ ಊಟ, ಹರಟೆ, ಮಕ್ಕಳ ಮದುವೆ ಸುದ್ದಿ, ಅಷ್ಟಕ್ಕೇ ಮುಗಿಯುತ್ತಿತ್ತು. ಈ ಸಲ ಬೆಳಿಗ್ಗೆ ಬೇಗ ಎದ್ದು ಅಡವಿಯಲ್ಲಿ ನಡೆದು ಬರೋಣ ಎಂದೆ.

"ಈ ಊರಾಗ ಅಡವಿ ಎಲ್ಲದರೀ?" ಅಂದಳು ನನ್ನಾಕೆ.

ಅವಳ ಪ್ರಶ್ನೆ ತಪ್ಪೇನಲ್ಲ. ನಾವಿರುವುದು ಜೀಡಿಮೆಟ್ಲಾದಲ್ಲಿ. ತೆಲುಗಿನಲ್ಲಿ ಜೀಡಿ ಎಂದರೆ ಗೇರು, ಮೆಟ್ಟ ಎಂದರೆ ದಿಬ್ಬ. ಹೆಸರಿನಲ್ಲಿ ಮರ ಇದೆ, ಊರಿನಲ್ಲಿ ಮಾತ್ರ ಕಾರ್ಖಾನೆಗಳು, ಲಾರಿಗಳು, ರಾತ್ರಿ ಕಿಟಕಿ ತೆಗೆದರೆ ಮೂಗಿಗೆ ಬಡಿಯುವ ವಾಸನೆ!

ಆದರೂ ಹುಡುಕಿದರೆ ಕಾಡು ಇದೆ. ನಮಗೆ ಹತ್ತಿರವೆಂದರೆ ಅರಣ್ಯ ಅಕಾಡೆಮಿ ಇರುವ ದೂಲಪಲ್ಲಿ. ಊರಿನ ಆ ತುದಿಗೆ, ವಿಜಯವಾಡ ರಸ್ತೆಯಲ್ಲಿ, ಮಹಾವೀರ ಹರಿಣ ವನಸ್ಥಲಿ. ಅದು ನಿಜಾಮರ ಬೇಟೆಯ ಜಾಗವಾಗಿತ್ತು. ಮಹಾವೀರರ ನಿರ್ವಾಣದ 2500ನೇ ವರ್ಷದ ನೆನಪಿಗೆ 1975ರಲ್ಲಿ ಅವರ ಹೆಸರು ಬಂತು. ಬೇಟೆಯ ಕಾಡಿಗೆ ಅಹಿಂಸೆ ಬೋಧಿಸಿದವರ ಹೆಸರು, ಎಂಥ ಮಾತು ನೋಡಿ! ನಮ್ಮ ರಾಣೆಬೆನ್ನೂರಿನ ಹಾಗೆ ಅಲ್ಲಿಯೂ ಕೃಷ್ಣಮೃಗಗಳಿವೆ. ಮೂರನೆಯದು ಊರ ನಡುವೆಯೇ ಇರುವ ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನ. ಎಲ್ಲರೂ ಕೆಬಿಆರ್ ಪಾರ್ಕ್ ಎನ್ನುತ್ತಾರೆ. ಮೊಮ್ಮಗನಿಗೆ ನವಿಲು ಬೇಕು, ಕಾಚಿಗುಡದ ಗೆಳೆಯರಿಗೆ ಮೆಟ್ರೋ ಅನುಕೂಲ ಬೇಕು. ಕೊನೆಗೆ ಕೆಬಿಆರ್ ಎಂದೇ ತೀರ್ಮಾನವಾಯಿತು.

ಯಾವುದೇ ಜಾಗವಿರಲಿ, ಮೊದಲು ಅದರ ಟೈಟಲ್ ನೋಡುವುದು ಬ್ಯಾಂಕಿನವರ ಚಾಳಿ. ಲಿಂಕ್ ಡಾಕ್ಯುಮೆಂಟ್ ಇಲ್ಲದೆ ನಮಗೆ ನಿದ್ದೆ ಬರುವುದಿಲ್ಲ. ಹಾಗೆ ಈ ಕಾಡಿನ ಹಿಂದಿನ ಒಡೆಯರನ್ನೂ ಹುಡುಕುತ್ತ ಕೂತೆ.

ಉದ್ಯಾನದ ಒಂದು ಪಕ್ಕ ಜುಬಿಲಿ ಹಿಲ್ಸ್, ಇನ್ನೊಂದು ಪಕ್ಕ ಬಂಜಾರಾ ಹಿಲ್ಸ್. ಬಂಜಾರರು ಎಂದರೆ ನಮ್ಮ ಕಡೆಯ ಲಂಬಾಣಿಗರೇ. ಮೊಗಲರ ಸೈನ್ಯ ದಖ್ಖನಿಗೆ ಬಂದಾಗ ಎತ್ತುಗಳ ಮೇಲೆ ದವಸ ಹೇರಿಕೊಂಡು ಹಿಂದೆ ಬಂದವರು. ಅವರು ಬೀಡುಬಿಟ್ಟ ಗುಡ್ಡಗಳಿಗೆ ಅವರ ಹೆಸರು ನಿಂತಿತು. 1930ರ ದಶಕದಲ್ಲಿ ನವಾಬ್ ಮೆಹದಿ ನವಾಜ್ ಜಂಗ್ ಅಲ್ಲಿಯ ಬಂಡೆಗಳ ನಡುವೆ ಮನೆ ಕಟ್ಟಿಸಿದರು. ಅವರೇ ಮುಂದೆ 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದರು. ಅವರ ಹಿಂದೆ ಶ್ರೀಮಂತರು ಬಂದರು. ಈಗ ಅಲ್ಲಿ ಒಂದು ಚದರ ಗಜದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಗುಡ್ಡದ ಮೇಲೆ ಬಂಜಾರರ ಹೆಸರು ಮಾತ್ರ ಉಳಿಯಿತು.

ಉದ್ಯಾನದ ಒಳಗಿರುವ ಚಿರಾನ್ ಅರಮನೆ 1940ರ ಸುಮಾರಿನದು. ಏಳನೇ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ 1967ರಲ್ಲಿ ತೀರಿಕೊಂಡ ಮೇಲೆ ಮೊಮ್ಮಗ ಮುಕರ್ರಂ ಜಾ ಅವರಿಗೆ ಪಟ್ಟ ಬಂತು, ಈ ಅರಮನೆಯೂ ಬಂತು. ಅವರು ಇಲ್ಲಿಯ ಜಂಜಾಟ ಬೇಡವೆಂದು ಆಸ್ಟ್ರೇಲಿಯಾಕ್ಕೆ ಹೋಗಿ ಕುರಿ ಸಾಕಿದರು. 2023ರಲ್ಲಿ ಇಸ್ತಾಂಬುಲ್‌ನಲ್ಲಿ ತೀರಿಕೊಂಡಾಗ ಮಣ್ಣು ಮಾಡಲು ತಂದದ್ದು ಮಾತ್ರ ಹೈದರಾಬಾದಿಗೇ, ಮಕ್ಕಾ ಮಸೀದಿಗೆ. ಒಡೆಯ ದೂರವಿದ್ದ, ಬೇಲಿ ಇತ್ತು, ಗಿಡಗಳು ತಮ್ಮ ಪಾಡಿಗೆ ಬೆಳೆದವು. 1976ರಲ್ಲಿ ನಗರ ಭೂಮಿತಿ ಕಾಯ್ದೆ ಬಂತು. 1998ರಲ್ಲಿ ಸುಮಾರು 390 ಎಕರೆ ರಾಷ್ಟ್ರೀಯ ಉದ್ಯಾನವಾಯಿತು. 1964ರಿಂದ 1971ರವರೆಗೆ ಆಂಧ್ರದ ಮುಖ್ಯಮಂತ್ರಿಯಾಗಿದ್ದ ಬ್ರಹ್ಮಾನಂದ ರೆಡ್ಡಿ ಅವರ ಹೆಸರು ಅದಕ್ಕೆ.

ಅಂದರೆ ಈ ಕಾಡು ಉಳಿದದ್ದು ನಮ್ಮಂಥವರಿಗೆ ಪ್ರವೇಶ ಇರಲಿಲ್ಲವಾದ್ದರಿಂದ! ಒಪ್ಪಿಕೊಳ್ಳಲು ಕಷ್ಟ, ಆದರೆ ಲೆಕ್ಕ ಹಾಗೇ ಬರುತ್ತದೆ.

ನಮ್ಮೂರು ಚಿಂಚೋಳಿ ತಾಲೂಕಿನಲ್ಲಿ. 1948ರವರೆಗೆ ಅದೂ ನಿಜಾಮರದ್ದೇ. ಅರಣ್ಯ ಇಲಾಖೆಗೆ ನಮ್ಮ ಹಿರಿಯರು ಜಂಗ್ಲಾತ್ ಎನ್ನುತ್ತಿದ್ದರು. ಸೌದೆಗೆ ಹೋದವರು ಒಂದು ಕಿವಿ ಹಿಂದಕ್ಕೆ ಇಟ್ಟುಕೊಂಡೇ ಹೋಗುತ್ತಿದ್ದರು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ಅದರೊಳಗೆ ಇವತ್ತಿಗೂ ಲಂಬಾಣಿ ತಾಂಡಾಗಳಿವೆ. ಬಂಜಾರಾ ಹಿಲ್ಸ್‌ನಲ್ಲಿ ಕಾಡಿಗೆ ಬೇಲಿ ಬಿದ್ದು ಜನ ಹೋದರು. ಚಿಂಚೋಳಿಯಲ್ಲಿ ಜನವೂ ಇದ್ದಾರೆ, ಕಾಡೂ ಇದೆ. ಹೈದರಾಬಾದಿನ ಕಾಡಿಗೆ ಟಿಕೆಟ್ ಕೊಟ್ಟು ಹೋಗುವ ನನಗೆ ಇದು ಮತ್ತೆ ಮತ್ತೆ ನೆನಪಾಗುತ್ತದೆ.

ಬೇಲಿ ಇದ್ದ ಮಾತ್ರಕ್ಕೆ ಉಳಿಯಿತು ಅಂತಲೂ ಅಲ್ಲ. 2016ರಲ್ಲಿ ಕೆಬಿಆರ್ ಸುತ್ತ ಮೇಲ್ಸೇತುವೆ ಕಟ್ಟಲು ಮರ ಕಡಿಯುತ್ತಾರೆ ಎಂದಾಗ ಬೆಳಗಿನ ವಾಕಿಂಗ್‌ಗೆ ಬರುವವರೇ ಫಲಕ ಹಿಡಿದು ನಿಂತರು, ಹಸಿರು ನ್ಯಾಯಮಂಡಳಿಯವರೆಗೆ ಹೋದರು. 2024ರಲ್ಲಿ ಸೇತುವೆಗಳ ಮಾತು ಹೊಸ ಹೆಸರಿನಲ್ಲಿ ಮತ್ತೆ ಬಂತು. 2025ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯಲ್ಲಿ 400 ಎಕರೆಗೆ ಬುಲ್ಡೋಜರ್ ನುಗ್ಗಿದಾಗ ವಿದ್ಯಾರ್ಥಿಗಳು ಅಡ್ಡ ನಿಂತರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಕೆಲಸ ನಿಲ್ಲಿಸಿತು. ಅಷ್ಟರಲ್ಲಿ ಎಷ್ಟೋ ಮರಗಳು ಉರುಳಿ ಆಗಿತ್ತು.

ಇಲ್ಲಿ ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷಗಳಿಂದ ಗೃಹಸಾಲದ ಕಾಗದಗಳಿಗೆ ಸಹಿ ಹಾಕಿದ್ದೇನೆ. ಲೇಔಟ್ ನೋಡಲು ಹೋದಾಗ ಬೇವು, ಸೀತಾಫಲದ ಗಿಡಗಳು ಇರುತ್ತಿದ್ದವು. ಮುಂದಿನ ಸಲ ಹೋದಾಗ ಇರುತ್ತಿರಲಿಲ್ಲ. ನಮ್ಮ ವ್ಯಾಲ್ಯುಯೇಷನ್ ಫಾರಂನಲ್ಲಿ ರಸ್ತೆಗೆ ಕಾಲಂ ಇತ್ತು, ಚರಂಡಿಗೂ ಇತ್ತು, ಮರಕ್ಕೆ ಇರಲಿಲ್ಲ. ಕೇಳಬೇಕು ಅಂತ ನನಗೂ ಅನ್ನಿಸಲಿಲ್ಲ. ಆ ಮನೆಗಳಲ್ಲಿ ನಮ್ಮ ನಿಮ್ಮಂಥವರೇ ಇದ್ದೇವೆ. ನಾನಿರುವ ಫ್ಲ್ಯಾಟೂ ಅಂಥ ಜಾಗದಲ್ಲೇ.

ಇರಲಿ. ಶನಿವಾರದ ತಯಾರಿ ಹೀಗಿದೆ. ಬಾಲಾನಗರದಿಂದ ಮೊದಲ ಮೆಟ್ರೋ, ಅಮೀರ್‌ಪೇಟೆಯಲ್ಲಿ ಬದಲಿಸಿ ಜುಬಿಲಿ ಹಿಲ್ಸ್ ಚೆಕ್‌ಪೋಸ್ಟ್. ಸವೆದ ಚಪ್ಪಲಿ ಬೇಡ, ಬೂಟು ಇರಲಿ. ನೀರಿನ ಬಾಟಲಿ ಮನೆಯಿಂದಲೇ ತನ್ನಿ, ಪ್ಲಾಸ್ಟಿಕ್ ಬೇಡ. ಜೋರಾಗಿ ಮಾತಾಡಿದರೆ ನವಿಲು ಕಾಣುವುದಿಲ್ಲ, ಇದು ನಮ್ಮ ಗುಂಪಿಗೆ ಮುಖ್ಯ ಸೂಚನೆ! ತಿಂಡಿ ಒಳಗೆ ಬೇಡ. ನಡೆದು ಮುಗಿಸಿ ಕಾಚಿಗುಡದ ಗೆಳೆಯರ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ.

"ಗಿಡ ನೋಡ್ಲಿಕ್ಕೂ ಟಿಕೆಟ್ ಏನ್ರೀ?" ಅಂತ ನನ್ನಾಕೆ ಮತ್ತೆ ಕೇಳಿದಳು. ಹೌದು ಕಣೇ, ಇಷ್ಟು ದಿನ ಲೆಕ್ಕಕ್ಕೇ ಹಿಡಿಯದೆ ಬಿಟ್ಟದ್ದರ ಬಡ್ಡಿ ಅಂತ ತಿಳಿ ಅಂದೆ.

ನೀವೂ ಈ ಊರಿನವರಾಗಿದ್ದರೆ ಬನ್ನಿ. ಬರಲಾಗದಿದ್ದರೆ ನಿಮ್ಮ ಮನೆಯ ಹತ್ತಿರದ ಕಾಡು ಯಾವುದು, ಅದು ಮೊದಲು ಯಾರದಾಗಿತ್ತು, ಒಮ್ಮೆ ವಿಚಾರಿಸಿ ನೋಡಿ.