ಧಾರವಾಡದ ಬಿನೆ–ಕಾಮತ್ ಪರೀಕ್ಷೆ: ಹಳೆಯ ಮಾನಕಗಳು ಮತ್ತು ಪರೀಕ್ಷಕರ ತರಬೇತಿ

ಸಾರಾಂಶ: ಬುದ್ಧಿಮಾಪನದ ಅಂಕದಲ್ಲಿ ಪರಸ್ಪರ ವಿರುದ್ಧ ದಿಕ್ಕಿನ ಎರಡು ದೋಷಗಳು ಅಡಗಿರಬಹುದು. ಹಳತಾದ ಮಾನಕ ಅಂಕವನ್ನು ಏರಿಸುತ್ತದೆ, ಒಗ್ಗದ ಭಾಷೆ ಇಳಿಸುತ್ತದೆ. ಮನೋವಿಜ್ಞಾನಿಯ ತರಬೇತಿ ಇವೆರಡನ್ನೂ ಬಿಡಿಸಿ ನೋಡಲು ಕಲಿಸಬೇಕು ಎಂಬುದನ್ನು ಬಿನೆ–ಕಾಮತ್ ಪರೀಕ್ಷೆಯ ನಿದರ್ಶನದಿಂದ ಈ ಲೇಖನ ಪ್ರತಿಪಾದಿಸುತ್ತದೆ.

೧. ಮಾಪಕದ ಹಿನ್ನೆಲೆ

ಆಲ್ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋನ್ ೧೯೦೫ರಲ್ಲಿ ಪ್ಯಾರಿಸಿನಲ್ಲಿ ರೂಪಿಸಿದ ಮಾಪಕದ ಉದ್ದೇಶ ಸೀಮಿತವಾಗಿತ್ತು: ತರಗತಿಯಲ್ಲಿ ಹಿಂದುಳಿದು ವಿಶೇಷ ಬೋಧನೆ ಬೇಕಾಗುವ ಮಕ್ಕಳನ್ನು ಗುರುತಿಸುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ೧೯೧೬ರಲ್ಲಿ ಅದನ್ನು ವಿಸ್ತರಿಸಿದರು. ಟರ್ಮನ್ನರ ಆವೃತ್ತಿಯನ್ನು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ ಪರಿಷ್ಕರಿಸಿದವರು ವಿ. ವಿ. ಕಾಮತ್. ಅವರ ಪ್ರಬಂಧ ೧೯೩೪ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಗ್ರಂಥ ೧೯೪೦ರಲ್ಲಿ ಬಂದಿತು. ಶಿಕ್ಷಣಕ್ಷೇತ್ರದಲ್ಲಿ ಹುಟ್ಟಿದ ಈ ಪರೀಕ್ಷೆ ಮುಂದೆ ಆಸ್ಪತ್ರೆ, ಮಕ್ಕಳ ಮಾರ್ಗದರ್ಶನ ಕೇಂದ್ರಗಳನ್ನು ಸೇರಿ, ಕೊನೆಗೆ ಅಂಗವೈಕಲ್ಯ ಪ್ರಮಾಣಪತ್ರದ ಕಡತಕ್ಕೂ ಬಂದು ತಲುಪಿತು.

೨. ಅಂಕವನ್ನು ಏರಿಸುವ ದೋಷ

ಕೆಳವಯಸ್ಸಿನ ಪ್ರತಿ ಹಂತದಲ್ಲೂ ಆರು ಪ್ರಶ್ನಾಂಶಗಳು. ಒಂದೊಂದಕ್ಕೂ ಎರಡು ತಿಂಗಳ ಮಾನಸಿಕ ವಯಸ್ಸು. ಎಂಟು ವರ್ಷದ ಮಗುವೊಂದು ಆರನೆಯ ವರ್ಷದ ಹಂತವನ್ನು ಪೂರ್ತಿ ದಾಟಿ, ಏಳನೆಯದರಲ್ಲಿ ನಾಲ್ಕಕ್ಕೆ, ಎಂಟನೆಯದರಲ್ಲಿ ಎರಡಕ್ಕೆ ಸರಿಯುತ್ತರ ಕೊಟ್ಟು, ಒಂಬತ್ತರಲ್ಲಿ ಒಂದಕ್ಕೂ ಉತ್ತರಿಸಲಿಲ್ಲ ಎಂದುಕೊಳ್ಳೋಣ. ೭೨ಕ್ಕೆ ೮ ಮತ್ತು ೪ ಕೂಡಿದರೆ ೮೪ ತಿಂಗಳು. ಅದನ್ನು ೯೬ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬುದ್ಧಿಲಬ್ಧ ಸುಮಾರು ೮೮.

ಲೆಕ್ಕ ಸರಳ, ತೊಡಕಿರುವುದು ಹೋಲಿಕೆಯಲ್ಲಿ. ಈ ಮಗುವನ್ನು ೧೯೩೦ರ ದಶಕದ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ನೋಡಲಾಗುತ್ತಿದೆ. ಅಮೆರಿಕದಲ್ಲಿ ಪ್ರತಿ ದಶಕಕ್ಕೆ ಸರಾಸರಿ ಅಂಕ ಸುಮಾರು ಮೂರರಷ್ಟು ಏರಿರುವುದನ್ನು ಜೇಮ್ಸ್ ಫ್ಲಿನ್ ೧೯೮೪ರಲ್ಲಿ ತೋರಿಸಿದರು. ಆ ಸಂಖ್ಯೆಯನ್ನೇ ಇಲ್ಲಿಗೆ ತಂದು ಕಳೆಯುವುದು ಸರಿಯಲ್ಲ. ಆದರೂ ಅಂಥ ಏರಿಕೆ ಆದ ಕಡೆಯಲ್ಲೆಲ್ಲ ಹಳೆಯ ಮಾನಕ ಇಂದಿನ ಮಗುವಿನ ಅಂಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಬೌದ್ಧಿಕ ಅಂಗವೈಕಲ್ಯದ ಗಡಿಯೆನಿಸಿದ ೭೦ರ ಆಸುಪಾಸಿನಲ್ಲಿ ಇದರ ಪರಿಣಾಮ ಗಂಭೀರ: ನೆರವು ಬೇಕಾದ ಮಗುವೇ ಸೌಲಭ್ಯದಿಂದ ವಂಚಿತವಾಗಬಹುದು.

೩. ಅಂಕವನ್ನು ಇಳಿಸುವ ದೋಷ

ಅಂಕಿಗಳನ್ನು ಕೇಳಿ ಅದೇ ಕ್ರಮದಲ್ಲಿ ಮರಳಿ ಹೇಳುವುದು ಬುದ್ಧಿಪರೀಕ್ಷೆಗಳಲ್ಲಿ ರೂಢಿಯಾದ ಪ್ರಶ್ನೆ. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ‘ಸೆವೆನ್’ ಬಿಟ್ಟರೆ ಉಳಿದೆಲ್ಲವೂ ಒಂದೇ ಉಚ್ಚಾರಾಂಶದವು. ಕನ್ನಡದಲ್ಲಿ ಎರಡಕ್ಕಿಂತ ಕಡಿಮೆ ಉಚ್ಚಾರಾಂಶದ ಅಂಕಿಯೇ ಇಲ್ಲ. ‘ಎರಡು’, ‘ಒಂಬತ್ತು’ಗಳಲ್ಲಿ ಮೂರಿವೆ. ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಸಮಯ ಹಿಡಿಯುವುದರಿಂದ ಆ ಭಾಷೆಯಲ್ಲಿ ನೆನಪಿಡಬಲ್ಲ ಅಂಕಿಗಳ ಸಂಖ್ಯೆ ಕಡಿಮೆಯಾಗುತ್ತದೆಂದು ಎಲಿಸ್ ಮತ್ತು ಹೆನೆಲಿ ೧೯೮೦ರಲ್ಲಿ ತೋರಿಸಿದ್ದಾರೆ. ಹೀಗಿರುವಾಗ ಇಂಗ್ಲಿಷ್ ಮಾನಕವನ್ನು ಕನ್ನಡದ ಉತ್ತರಕ್ಕೆ ಅನ್ವಯಿಸಿ ‘ಸ್ಮರಣಶಕ್ತಿ ಕಡಿಮೆ’ ಎಂದು ಬರೆಯುವುದು ಅವಸರದ ತೀರ್ಮಾನ.

ಮನೆಮಾತು ಲಂಬಾಣಿ, ಉರ್ದು ಅಥವಾ ತುಳು ಆಗಿರುವ ಮಗುವಿಗೆ ಗ್ರಾಂಥಿಕ ಕನ್ನಡದ ಸೂಚನೆ ಇನ್ನಷ್ಟು ದೂರದ್ದು. ಮಗು ಸುಮ್ಮನಿದ್ದಾಗ ಅದಕ್ಕೆ ಉತ್ತರ ಗೊತ್ತಿಲ್ಲವೋ ಪ್ರಶ್ನೆಯೇ ಅರ್ಥವಾಗಲಿಲ್ಲವೋ ಎಂಬುದು ಅಂಕಪಟ್ಟಿಯಲ್ಲಿ ದಾಖಲಾಗುವುದಿಲ್ಲ.

೪. ತರಬೇತಿಯ ಪ್ರಶ್ನೆ

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸಾ ಮನೋವಿಜ್ಞಾನಿಯ ಅರ್ಹತೆಯನ್ನು ಹೇಳುವಾಗ ಮೇಲ್ವಿಚಾರಣೆಯಲ್ಲಿ ನಡೆಯುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ತರಬೇತಿಯನ್ನು ಹೆಸರಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಈ ವ್ಯಾಸಂಗ ನಡೆದುಬಂದಿದೆ. ಸೂಚನೆಯನ್ನು ಅಕ್ಷರಶಃ ಓದುವುದು, ಸಮಯ ಪಾಲಿಸುವುದು, ಸುಳಿವು ಕೊಡದಿರುವುದು ಮೊದಲ ಪಾಠಗಳು. ಇವಿಲ್ಲದೆ ಒಬ್ಬರ ಅಂಕವನ್ನು ಇನ್ನೊಬ್ಬರದರೊಡನೆ ಹೋಲಿಸಲಾಗದು.

ಎರಡನೆಯ ಪಾಠ ಇದಕ್ಕಿಂತ ಕಠಿಣ. ನಿಯಮದಂತೆ ಪರೀಕ್ಷೆ ಮುಗಿಸಿ ಅಂಕ ದಾಖಲಿಸಿದ ಮೇಲೆ, ತಪ್ಪಿದ ಪ್ರಶ್ನೆಗಳನ್ನು ಮನೆಮಾತಿನಲ್ಲಿ ಮತ್ತೆ ಕೇಳಿ ನೋಡಬೇಕು. ಆಗ ಸಿಗುವ ಉತ್ತರ ಅಂಕಕ್ಕೆ ಸೇರುವುದಿಲ್ಲ. ಅಂಕದ ಅರ್ಥವನ್ನು ಬದಲಿಸುತ್ತದೆ. ಜೊತೆಗೆ ಮಗು ತಾನೇ ಉಣ್ಣುತ್ತದೆಯೇ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತದೆಯೇ ಎಂದು ಪೋಷಕರನ್ನು ವಿಚಾರಿಸಿ, ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪಕದೊಂದಿಗೆ ತಾಳೆ ನೋಡಬೇಕು.

೫. ಸಮಾರೋಪ

ಎರಡು ದೋಷಗಳೂ ಒಟ್ಟಿಗೆ ಬಂದಾಗ ಒಂದು ಇನ್ನೊಂದನ್ನು ಮುಚ್ಚಿ, ಅಂಕ ಸಹಜವಾಗಿಯೇ ಕಾಣುತ್ತದೆ. ಸಂಖ್ಯೆ ನೋಡಿ ಇದನ್ನು ಪತ್ತೆಹಚ್ಚಲಾಗದು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. ೪೦ರ ಅಂಗವೈಕಲ್ಯ ಪ್ರಮಾಣಿತವಾಗಬೇಕಿರುವುದರಿಂದ ಇಂಥ ಅಂಕ ಮಗುವಿನ ಹಕ್ಕನ್ನೇ ನಿರ್ಧರಿಸಬಲ್ಲದು. ಆದ್ದರಿಂದ ಪ್ರತಿ ವರದಿಯೂ ಬುದ್ಧಿಲಬ್ಧದ ಪಕ್ಕದಲ್ಲೇ ಮಾನಕದ ವರ್ಷ, ಪರೀಕ್ಷೆ ನಡೆದ ಭಾಷೆ, ಮಗುವಿನ ಮನೆಮಾತು ಮತ್ತು ಮರುಪ್ರಶ್ನೆಯ ಫಲಿತಾಂಶವನ್ನು ನಮೂದಿಸಬೇಕು. ತರಬೇತಿಯಲ್ಲಿರುವವರ ಮೌಲ್ಯಮಾಪನವೂ ಈ ನಾಲ್ಕನ್ನು ಆಧರಿಸಬೇಕು. ಹೊಸ ಕನ್ನಡ ಮಾನಕಗಳ ಅಗತ್ಯ ಇದರಿಂದ ತಪ್ಪುವುದಿಲ್ಲ. ಎಷ್ಟೇ ನುರಿತ ಪರೀಕ್ಷಕರಾದರೂ ಮಾನಕದ ದೋಷವನ್ನು ಗುರುತಿಸಬಲ್ಲರು, ತಿದ್ದಲಾರರು.