ಹೊನ್ನಾವರದ ಇಬ್ಬರು ಪ್ರವಾಸಿಗಳೂ ಇಂದಿನ ಪ್ರವಾಸಚಿತ್ರಗಳೂ

ಶರಾವತಿಯ ಅಳಿವೆಯಲ್ಲಿರುವ ಹೊನ್ನಾವರವು ಪುರಾತನ ರೇವುಪಟ್ಟಣ. ಇಲ್ಲಿಗೆ ಬಂದುಹೋದ ಪರದೇಶದ ಯಾತ್ರಿಕರು ಅನೇಕರು. ಅವರಲ್ಲಿ ಇಬ್ಬರು ತಾವು ಕಂಡುದರಲ್ಲಿ ಏನನ್ನುಳಿಸಿದರು, ಏನನ್ನು ಕಳೆದುಕೊಂಡರು ಎಂಬ ವಿಚಾರವು, ಸಾವಿರಾರು ಪ್ರವಾಸಚಿತ್ರಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ಯಾವುದನ್ನಿಡುವುದು, ಯಾವುದನ್ನಳಿಸುವುದು ಎಂದು ತಿಳಿಯದೆ ಕುಳಿತಿರುವ ಇಂದಿನ ಗೃಹಸ್ಥರಿಗೂ ಸಂಬಂಧಪಟ್ಟುದಾಗಿದೆ.

ಮೊದಲನೆಯವನು ಮೊರಾಕ್ಕೋ ದೇಶದ ಇಬ್ನ್ ಬತೂತ. 1342ರ ಸುಮಾರಿಗೆ ಹೊನ್ನಾವರವನ್ನು ಕಂಡ ಇವನು ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುವೆಂದು ಹೇಳಿರುತ್ತಾನೆ. ಕೆಲವು ವರ್ಷಗಳ ತರುವಾಯ ಇದೇ ಕರಾವಳಿಯಲ್ಲಿ, ಹೊನ್ನಾವರಕ್ಕೂ ಬಾರಕೂರಿಗೂ ನಡುವೆ, ಕಡಲ್ಗಳ್ಳರು 12 ಹಡಗುಗಳಲ್ಲಿ ಬಂದು ಅವನ ಸರ್ವಸ್ವವನ್ನೂ ದೋಚಿ, ಉಟ್ಟ ಇಜಾರವೊಂದನ್ನು ಮಾತ್ರ ಬಿಟ್ಟರು. ಬುಖಾರ ಪಟ್ಟಣದಲ್ಲಿ ವಿದ್ವಾಂಸರ ಗೋರಿಗಳ ಮೇಲಿಂದ ಅವನು ನಕಲು ಮಾಡಿಕೊಂಡಿದ್ದ ಬರೆಹಗಳೂ ಹೀಗೆ ಕಡಲಿನ ಸುಲಿಗೆಯಲ್ಲಿಯೇ ಹೋದುವು. 1355ರಲ್ಲಿ ಫೆಜ್ ನಗರದಲ್ಲಿ ಮುಗಿದ ಅವನ ಗ್ರಂಥವು ಬಹುಮಟ್ಟಿಗೆ ನೆನಪಿನಿಂದ ಹೇಳಿ ಬರೆಯಿಸಿದ್ದು. ಪಾಠಶಾಲೆಗಳ ಎಣಿಕೆ ಉಳಿದುಬಂದಿತು. ಕಳ್ಳರು ಒಯ್ದುದು ಮರಳಲಿಲ್ಲ.

ಎರಡನೆಯವನು ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ. 1623ರಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟ ಪೋರ್ತುಗೀಸ ರಾಯಭಾರಿಯ ಜತೆಗೂಡಿ ಇವನು ಹೊನ್ನಾವರಕ್ಕೆ ಬಂದು, ಹೊಳೆಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟವನ್ನು ಹತ್ತಿದನು. ಹೊರೆಗಳನ್ನು ಸಜ್ಜುಗೊಳಿಸುವವರೆಗೆ ಹನುಮಂತನ ಗುಡಿಯ ಜಗಲಿಯಲ್ಲಿ ಕಾದಿರುವಾಗ, ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ಒಬ್ಬನು ರಾಗವಾಗಿ ಪಾಠವನ್ನು ಹೇಳುತ್ತ, ನೆಲಕ್ಕೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕೆಯನ್ನು ಬರೆಯುವನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲವೆಲ್ಲ ತುಂಬಿದೊಡನೆ ಅಂಕೆಗಳನ್ನು ಅಳಿಸಿ, ಬೇಕಾದರೆ ಹೊಸ ಮರಳನ್ನು ಹರಡುವರು. ರಾಯಭಾರದ ಕಾರ್ಯಕ್ಕೆ ಇದರಿಂದ ಕಾಸಿನ ಪ್ರಯೋಜನವಿಲ್ಲ. ಆದರೂ ಅವನು ನೇಪಲ್ಸಿನಲ್ಲಿದ್ದ ಮಿತ್ರನಿಗೆ ಕಾಗದದಲ್ಲಿ ಇದನ್ನು ಸವಿಸ್ತಾರವಾಗಿ ಬರೆದನು. ನಮ್ಮ ಕಡೆಯ ಗಾಂವಠಿ ಶಾಲೆಯ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ಚಿತ್ರಗಳು ವಿರಳ. ಅವಸರದ ಪ್ರವಾಸಿಯಾಗಿದ್ದರೆ ಕ್ಷುಲ್ಲಕವೆಂದು ಮೊದಲು ಕೈಬಿಡುತ್ತಿದ್ದುದು ಇದನ್ನೇ.

ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಪಟಗಳು. ಆಗ ಆಯ್ಕೆಯು ಗುಂಡಿಯನ್ನೊತ್ತುವ ಮೊದಲೇ ಆಗಿಬಿಡುತ್ತಿತ್ತು. ಈಗ ಯಾಣದ ಬಂಡೆ, ಮಿರ್ಜಾನಿನ ಕೋಟೆ, ಮುರ್ಡೇಶ್ವರವೆಂದು ಎರಡು ದಿನ ತಿರುಗಿದ ಕುಟುಂಬವು ಸಾವಿರ ಪಟಗಳೊಡನೆ ಮನೆಗೆ ಬರುತ್ತದೆ. ಅಳಿಸಲೇಬೇಕು, ಸಂದೇಹವಿಲ್ಲ. ಒಂದೇ ಸೂರ್ಯಾಸ್ತದ ನಾಲ್ವತ್ತು ಪಟಗಳಲ್ಲಿ ಎರಡು ಸಾಕು. ಕೈ ನಡುಗಿ ಮಸುಕಾದುವು ಹೋಗಲಿ. ಆದರೆ ಅಂದವೊಂದನ್ನೇ ಅಳತೆಗೋಲಾಗಿ ಹಿಡಿದರೆ ಮೋಸವುಂಟು. ಮುರ್ಡೇಶ್ವರದ 123 ಅಡಿಯ ಶಿವಮೂರ್ತಿಯ ಪಟವು ಯಾರಲ್ಲಿಯೂ ಸಿಕ್ಕೀತು. ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಮುಂಭಾಗವೂ ಹಾಗೆಯೇ. ಅದರ ಗೋಡೆಯ ರಾಮಾಯಣ ಶಿಲ್ಪಗಳನ್ನೂ ಮಳೆನಾಡಿಗೆ ತಕ್ಕಂತೆ ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳನ್ನೂ ಹತ್ತಿರದಿಂದ ತೆಗೆದ ಪಟಗಳಾದರೋ ಅಪರೂಪ.

ಹೆದ್ದಾರಿ 66ನ್ನು ಅಗಲಿಸಿದಾಗ ದಾರಿಯಂಚಿನ ಮರಗಳೂ ಅಂಗಡಿಗಳೂ ಹೋದುವು. ಕುಮಟೆಯಿಂದ ಬಡಗಣಕ್ಕೆ, ಅಂಕೋಲೆ ತಾಲೂಕಿನ ಶಿರೂರಿನಲ್ಲಿ, 2024ನೆಯ ಜುಲೈ 16ರಂದು ಗುಡ್ಡವು ಕುಸಿದು, ಹೆದ್ದಾರಿಯ ಬದಿಯ ಚಹದಂಗಡಿಯೂ ಅದರಲ್ಲಿದ್ದವರೂ ಗಂಗಾವಳಿಯ ಪಾಲಾದರು. ಆ ದಾರಿಯಲ್ಲಿ ಹೋಗುವಾಗ ಅಲ್ಲಿಳಿದು ಚಹ ಕುಡಿದವರು ಎಷ್ಟೋ ಮಂದಿ. ಮಕ್ಕಳು ಲೋಟ ಹಿಡಿದು ನಿಂತ ಪಟ, ಹಿಂದೆ ಅಂಗಡಿ, ಅದರ ಹಿಂದೆ ಗುಡ್ಡ: ಇಂಥದು ಯಾರ ಮೊಬೈಲಿನಲ್ಲಾದರೂ ಇದ್ದಿದ್ದರೆ, ಜಾಗ ಸಾಲದೆಂದು ಮೊದಲು ಅಳಿಸಿದ್ದೇ ಅದಾಗಿದ್ದೀತು.

ಆದುದರಿಂದ ಊರಿಗೆ ಮರಳಿದ ರಾತ್ರಿಯೇ ಅಳಿಸಕೂಡದು. ಕೆಲವು ತಿಂಗಳು ಕಳೆದು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರಿಸುವುದು ಲೇಸು. ಪಟದಲ್ಲಿರುವ ಚಿಕ್ಕಪ್ಪ ಯಾರು, ಹಿಂದಿನ ಮನೆ ಯಾರದು ಎಂದು ಹೇಳಬಲ್ಲವರು ಅವರೇ. ಉಳಿಸಿದ್ದಕ್ಕೆ ಊರು, ವರ್ಷ, ಹೆಸರುಗಳನ್ನು ಆಗಲೇ ಬರೆದಿಡಬೇಕು. ಮೊಬೈಲು ತೆಗೆದ ಮೂಲಪಟದಲ್ಲಿ ದಿನಾಂಕವು ತಾನಾಗಿ ಸೇರಿರುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ಸಾಮಾನ್ಯವಾಗಿ ಅದು ಉಳಿಯುವುದಿಲ್ಲ. ಬಂಧುಗಳಿಗೆ ಕಳಿಸಿಯಾಯಿತೆಂದು ಮೂಲವನ್ನೇ ಅಳಿಸುವ ರೂಢಿಯಿಂದ ಎಷ್ಟೋ ಮನೆಗಳ ಪಟಗಳು ಈಗಾಗಲೇ ದಿನಾಂಕವಿಲ್ಲದವುಗಳಾಗಿವೆ.