ವರದಿಗೆ ಚೌಕಟ್ಟು ಬಂದ ಬಗೆ

ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದಿದ್ದ ತಾಳೆಗರಿ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದರು. ರಾಜನೀತಿ, ತೆರಿಗೆ, ಗೂಢಚಾರಿಕೆಯ ವಿವರಗಳಿಗಾಗಿ ಅದನ್ನು ಓದುವವರು ಗ್ರಂಥದ ಕಟ್ಟೋಣವನ್ನು ಅಷ್ಟಾಗಿ ಗಮನಿಸುವುದಿಲ್ಲ. ಹಿಂದಿನ ಆಚಾರ್ಯರು ಬರೆದುದನ್ನೆಲ್ಲ ಒಟ್ಟುಗೂಡಿಸಿ ಇದನ್ನು ರಚಿಸಿದ್ದೇನೆ ಎಂದು ಗ್ರಂಥಕಾರ ಆರಂಭದಲ್ಲೇ ಹೇಳಿಬಿಡುತ್ತಾನೆ. ಒಡನೆಯೇ ವಿಷಯಸೂಚಿ ಬರುತ್ತದೆ: 15 ಅಧಿಕರಣ, 150 ಅಧ್ಯಾಯ, 180 ಪ್ರಕರಣ. ಕೊನೆಯ ಅಧಿಕರಣದ ಹೆಸರು ತಂತ್ರಯುಕ್ತಿ. ಶಾಸ್ತ್ರಗ್ರಂಥವೊಂದನ್ನು ಕಟ್ಟಲು ಬೇಕಾದ 32 ಯುಕ್ತಿಗಳನ್ನು ಅಲ್ಲಿ ಪಟ್ಟಿ ಮಾಡಿ, ಒಂದೊಂದಕ್ಕೂ ಅದೇ ಗ್ರಂಥದಿಂದ ಉದಾಹರಣೆ ಕೊಡಲಾಗಿದೆ. ಬೇರೆಯವರ ಮಾತನ್ನು ಅವರ ಹೆಸರಿನಲ್ಲೇ ಹೇಳುವುದಕ್ಕೆ ಅಪದೇಶ ಎಂದು ಹೆಸರು. ಪೂರ್ವಪಕ್ಷ, ಉತ್ತರಪಕ್ಷಗಳೂ ಅಲ್ಲಿವೆ. ಇಂದಿನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಕೇಳುವ ಪರಿವಿಡಿ, ಹಿಂದಿನ ಅಧ್ಯಯನಗಳ ಸಮೀಕ್ಷೆ, ಉಲ್ಲೇಖ ಇವೆಲ್ಲ ನಮ್ಮ ನೆಲಕ್ಕೆ ಹೊಸತೇನಲ್ಲ.

ಆದರೆ ಕಾಲೇಜಿನ ನೋಟೀಸ್ ಬೋರ್ಡಿಗೆ ಅಂಟಿಸುವ ಫಾರ್ಮ್ಯಾಟ್ ಹಾಳೆಯ ನೇರ ವಂಶಾವಳಿ ಬೇರೆ ಕಡೆಯಿಂದ ಬಂದದ್ದು. 1665ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ, ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಮೊದಲ ವಿದ್ವತ್ ಪತ್ರಿಕೆಗಳು ಹೊರಟವು. ಲಂಡನ್ನಿನ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ನಡೆಸುತ್ತಿದ್ದವನು ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್. ಅವನಿಗೆ ಬರುತ್ತಿದ್ದ ಬರಹಗಳಲ್ಲಿ ಬಹುಪಾಲು ಕಾಗದಗಳೇ. ಬೆಳಕು ಮತ್ತು ಬಣ್ಣದ ಬಗ್ಗೆ 1672ರಲ್ಲಿ ನ್ಯೂಟನ್ ಬರೆದದ್ದೂ ಅಲ್ಲಿ ಅಚ್ಚಾದದ್ದು ಪತ್ರದ ರೂಪದಲ್ಲೇ. ಅದಕ್ಕೂ ಮುಂಚೆ, 1660ರಲ್ಲಿ, ರಾಬರ್ಟ್ ಬಾಯ್ಲ್ ಗಾಳಿಯನ್ನು ಹೊರಗೆಳೆಯುವ ಯಂತ್ರದ ಪ್ರಯೋಗಗಳನ್ನು ಬರೆದಾಗ ಯಂತ್ರದ ಚಿತ್ರ ಕೊಟ್ಟ, ಕೈಕೊಟ್ಟ ಪ್ರಯೋಗಗಳನ್ನೂ ಬಿಡದೆ ಬರೆದ. ಪ್ರಯೋಗಶಾಲೆಗೆ ಬರಲಾಗದ ಓದುಗನೂ ಸಾಕ್ಷಿಯಾಗಬೇಕೆಂಬುದು ಅವನ ಆಸೆ. ವರದಿಯ ಇತಿಹಾಸದಲ್ಲಿ ಆಮೇಲೆ ಬಂದ ನಿಯಮಗಳ ಹಿಂದೆಲ್ಲ ಈ ಆಸೆಯೇ ಇದೆ.

ಶೀರ್ಷಿಕೆಗಳು ಬರುವ ಮೊದಲು ರಚನೆಯೇ ಇರಲಿಲ್ಲವೆಂದು ತಿಳಿಯಬಾರದು. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರ ಫೆಬ್ರವರಿ 16ರಂದು ಕಲ್ಕತ್ತಾದಿಂದ 'ನೇಚರ್' ಪತ್ರಿಕೆಗೆ ಬರೆದ ಟಿಪ್ಪಣಿ ಇದಕ್ಕೆ ಒಳ್ಳೆಯ ನಿದರ್ಶನ. ಮಾರ್ಚ್ 31ರಂದು ಅಚ್ಚಾದ ಆ ಬರಹ ಬಹಳ ಚಿಕ್ಕದು, ಒಳಗೆ ಒಂದೂ ಉಪಶೀರ್ಷಿಕೆಯಿಲ್ಲ. ಆದರೂ ಅದರಲ್ಲಿ ಮೊದಲು ಬರುವುದು ಪ್ರಶ್ನೆ: ಎಕ್ಸ್-ಕಿರಣಗಳ ಚದರುವಿಕೆಯಲ್ಲಿ ಕಂಡ ತರಂಗಾಂತರದ ಬದಲಾವಣೆ ಸಾಮಾನ್ಯ ಬೆಳಕಿನಲ್ಲೂ ಕಾಣಬೇಕಲ್ಲವೇ? ಬಳಿಕ ವಿಧಾನ. ಸೂರ್ಯನ ಬೆಳಕನ್ನು 18 ಸೆಂ.ಮೀ. ಅಗಲದ, 230 ಸೆಂ.ಮೀ. ನಾಭಿದೂರದ ದೂರದರ್ಶಕ ಮಸೂರದಿಂದ ಒಗ್ಗೂಡಿಸಿದ್ದು, ಬಣ್ಣದ ಫಿಲ್ಟರುಗಳನ್ನು ಇಟ್ಟದ್ದು. ಆಮೇಲೆ ಕಂಡದ್ದು: ಸುಮಾರು 60 ದ್ರವಗಳಲ್ಲಿ ಈ ಪರಿಣಾಮ ಇದೆ. ಇದು ಬರೀ ಪ್ರತಿದೀಪ್ತಿ ಇರಬಹುದೇ ಎಂಬ ಸಂದೇಹಕ್ಕೂ ಅಲ್ಲೇ ಉತ್ತರ. ಅದೇ ಮಾರ್ಚ್ 16ರಂದು ರಾಮನ್ ಬೆಂಗಳೂರಿನ ಉಪನ್ಯಾಸದಲ್ಲಿ ಈ ಸಂಗತಿಯನ್ನು ವಿಸ್ತಾರವಾಗಿ ತೆರೆದಿಟ್ಟರು. ವರದಿ ಬರೆಯಲು ಕೂತ ವಿಜ್ಞಾನ ವಿದ್ಯಾರ್ಥಿಗೆ ಆ ಪುಟ್ಟ ಟಿಪ್ಪಣಿಗಿಂತ ಉತ್ತಮ ಪಾಠ ಸಿಗುವುದು ಕಷ್ಟ. ಮಸೂರದ ಅಳತೆ ಕೊಟ್ಟದ್ದರಿಂದಲೇ ಇನ್ನೊಬ್ಬರು ಅದನ್ನು ಮಾಡಿ ನೋಡಬಹುದಿತ್ತು.

ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಕೋಣೆಗಳ ವಿನ್ಯಾಸ, ಅಂದರೆ ಇಂಗ್ಲಿಷ್ ಮೊದಲಕ್ಷರಗಳಿಂದಾದ ಇಮ್ರಾಡ್, ನಾವು ಅಂದುಕೊಂಡಷ್ಟು ಹಳೆಯದಲ್ಲ. ಬ್ರೆಜಿಲ್‌ನ ಲುಸಿಯಾನಾ ಸೊಲ್ಲಾಚಿ ಮತ್ತು ಮೌರಿಸಿಯೋ ಪೆರೇರಾ 1935ರಿಂದ 1985ರವರೆಗಿನ ನಾಲ್ಕು ಪ್ರಮುಖ ವೈದ್ಯಕೀಯ ಪತ್ರಿಕೆಗಳನ್ನು ತಿರುವಿಹಾಕಿ, 2004ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. 1940ರ ದಶಕದಲ್ಲಿ ಈ ವಿನ್ಯಾಸ ತಲೆ ಹಾಕಿತು, 1970ರ ದಶಕದಲ್ಲಿ ಶೇ. 80ನ್ನು ದಾಟಿತು, 1980ರ ದಶಕದಲ್ಲಿ ಸಂಶೋಧನಾ ಲೇಖನಗಳಿಗೆ ಅದೊಂದೇ ದಾರಿಯಾಯಿತು. ಲೇಖನಗಳ ಸಂಖ್ಯೆ ಏರಿದಾಗ ಓದುಗನಿಗೆ ಬೇಕಾದ ಭಾಗ ತಟ್ಟನೆ ಸಿಗಬೇಕಿತ್ತು. ಅಮೆರಿಕದ ಮಾನಕ ಸಂಸ್ಥೆಯೂ ಅದೇ 1970ರ ದಶಕದಲ್ಲಿ ಇದಕ್ಕೆ ಮುದ್ರೆ ಒತ್ತಿತು.

ವಿರೋಧವೂ ಬಂತು. ನೊಬೆಲ್ ಪಡೆದ ಜೀವವಿಜ್ಞಾನಿ ಪೀಟರ್ ಮೆಡವಾರ್ 1963ರಲ್ಲಿ, ವೈಜ್ಞಾನಿಕ ಪ್ರಬಂಧವೇ ಒಂದು ಮೋಸವಲ್ಲವೇ ಎಂದು ಕೇಳಿದರು. ವಿಜ್ಞಾನಿಯ ಯೋಚನೆ ಊಹೆಯಿಂದ ಹೊರಡುತ್ತದೆ, ಪ್ರಬಂಧವೋ ಊಹೆಯೇ ಇಲ್ಲದೆ ಅಂಕಿಅಂಶ ಕೂಡಿಹಾಕಿದಂತೆ ನಟಿಸುತ್ತದೆ ಎಂಬುದು ಅವರ ತಕರಾರು. ಅದು ನ್ಯಾಯವಾದ ತಕರಾರು. ವರದಿಯನ್ನು ಓದುವ ಕ್ರಮವೇ ಬರೆಯುವ ಕ್ರಮವೂ ಹೌದೆಂದು ನಂಬಿ, ಪೀಠಿಕೆಯ ಮೊದಲ ಸಾಲಿನಲ್ಲೇ ದಿನಗಟ್ಟಲೆ ಸಿಕ್ಕಿಬೀಳುವ ವಿದ್ಯಾರ್ಥಿಗಳಿದ್ದಾರೆ. ಅನುಭವಿಗಳು ವಿಧಾನದ ಅಧ್ಯಾಯವನ್ನು ಮೊದಲು ಬರೆದು ಮುಗಿಸುತ್ತಾರೆ, ಸಾರಾಂಶಕ್ಕೆ ಕೈಹಾಕುವುದು ಎಲ್ಲಕ್ಕಿಂತ ಕೊನೆಗೆ.

ಉಲ್ಲೇಖದ ಕತೆ ಬೇರೆಯೇ ಹಾದಿ ಹಿಡಿಯಿತು. ಲೇಖಕನ ಹೆಸರು ಮತ್ತು ಇಸವಿಯನ್ನು ಆವರಣದಲ್ಲಿ ಹಾಕುವ ರೂಢಿಯನ್ನು ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮಾರ್ಕ್ 1881ರಲ್ಲಿ ಗೊಂಡೆಹುಳುವಿನ ಬಗ್ಗೆ ಬರೆದ ಪ್ರಬಂಧದಿಂದ ಶುರುವಾದದ್ದೆಂದು ಗುರುತಿಸುತ್ತಾರೆ. ಶಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ 1906ರಲ್ಲಿ ತನ್ನ ಕೈಪಿಡಿ ಹೊರತಂದಿತು. ಅದೇ ವಿಶ್ವವಿದ್ಯಾಲಯದಲ್ಲಿ 1930ರಿಂದ 1958ರವರೆಗೆ ಪ್ರೌಢಪ್ರಬಂಧಗಳ ಕಾರ್ಯದರ್ಶಿಯಾಗಿದ್ದವರು ಕೇಟ್ ಟುರಾಬಿಯನ್. ಅವರು ಒಪ್ಪದೆ ಯಾವ ಪ್ರಬಂಧವೂ ಮುಂದೆ ಹೋಗುವಂತಿರಲಿಲ್ಲ. ವಿದ್ಯಾರ್ಥಿಗಳಿಗಾಗಿ 1937ರಲ್ಲಿ ಅವರು ಸಿದ್ಧಪಡಿಸಿದ ಕಿರುಹೊತ್ತಗೆ ಮುಂದೆ ಜಗತ್ತಿನಾದ್ಯಂತ ಓಡಾಡಿತು. ಸ್ವತಃ ಕಾಲೇಜು ಪದವಿ ಇಲ್ಲದ ಹೆಣ್ಣುಮಗಳು ಡಾಕ್ಟರೇಟ್ ಬರೆಯುವವರಿಗೆ ಬರೆಯುವ ಬಗೆ ಕಲಿಸಿದ್ದು ಸಣ್ಣ ಸಾಧನೆಯಲ್ಲ. ಮನೋವಿಜ್ಞಾನಿಗಳ ಎಪಿಎ ನಿಯಮಗಳು 1929ರಲ್ಲಿ ಏಳು ಪುಟದ ಲೇಖನವಾಗಿ ಶುರುವಾದವು, 2019ರ ಏಳನೆಯ ಆವೃತ್ತಿ 400 ಪುಟ ದಾಟಿದೆ. ಸಾಹಿತ್ಯದವರ ಎಂಎಲ್‌ಎ ಶೈಲಿ 1951ರದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿ ತಮ್ಮದೊಂದು ಪದ್ಧತಿ ಗೊತ್ತುಮಾಡಿದರು.

ಭಾರತದಲ್ಲಿ ಈಚಿನ ದೊಡ್ಡ ತಿರುವು ತಂದದ್ದು ಯುಜಿಸಿ. 2009ರ ನಿಯಮದ ಬಳಿಕ ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಭಂಡಾರಕ್ಕೆ ಸೇರತೊಡಗಿತು. 2018ರ ಕೃತಿಚೌರ್ಯ ತಡೆ ನಿಯಮ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಹೇಳಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದು. ಹೀಗಾಗಿ ಉಲ್ಲೇಖ ಹಾಕುವುದು ಈಗ ಸೌಜನ್ಯವಾಗಿ ಉಳಿದಿಲ್ಲ, ಕಾನೂನಾಗಿದೆ.

ಇಷ್ಟೆಲ್ಲ ಬೆಳೆದರೂ ಒಂದು ಕೊರತೆ ಹಾಗೇ ಉಳಿದಿದೆ. ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿ ಹಿಂದಿನ ವರ್ಷದ ಸೀನಿಯರ್ ಕೊಟ್ಟ ಫೈಲನ್ನೇ ತೆರೆದು, ಹೆಸರು, ಯುಎಸ್‌ಎನ್, ಗೈಡ್ ಹೆಸರು ಬದಲಿಸಿ, ಡಿಟಿಪಿ ಅಂಗಡಿಯಲ್ಲಿ ಬೈಂಡಿಂಗಿಗೆ ಕೊಡುತ್ತಾನೆ. ನಿಯಮ ಗೊತ್ತು, ಕಾರಣ ಗೊತ್ತಿಲ್ಲ. ಎಡಗಡೆ ಅಂಚು ಹೆಚ್ಚು ಬಿಡುವುದು ಹೊಲಿಗೆ ಅಕ್ಷರಗಳನ್ನು ನುಂಗದಿರಲೆಂದು. ಸಾಲುಗಳ ನಡುವೆ ಜಾಗ ಬಿಡುವುದು ಟೈಪ್‌ರೈಟರ್ ಕಾಲದಲ್ಲಿ ಮೇಷ್ಟ್ರು ಅಲ್ಲೇ ತಿದ್ದಲೆಂದು. ಮುನ್ನುಡಿ ಪುಟಗಳಿಗೆ ರೋಮನ್ ಅಂಕಿ ಬಂದದ್ದು, ಮೊಳೆ ಜೋಡಿಸುತ್ತಿದ್ದ ದಿನಗಳಲ್ಲಿ ಅವು ಕೊನೆಗೆ ಅಚ್ಚಾಗುತ್ತಿದ್ದುದರಿಂದ. ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ಓದುವುದರಿಂದ ಅದರ ಶೀರ್ಷಿಕೆ ಮೇಲಿರುತ್ತದೆ. ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಬಳಸಿದರೆ ಪರಿವಿಡಿ ತಾನೇ ಸಿದ್ಧವಾಗುತ್ತದೆ. ಆದರೂ ಚುಕ್ಕಿಗಳನ್ನು ಒಂದೊಂದಾಗಿ ಒತ್ತಿ ಪುಟಸಂಖ್ಯೆ ಹೊಂದಿಸುವವರಿಗೆ ಇಂದಿಗೂ ಬರವಿಲ್ಲ.

ಕನ್ನಡದಲ್ಲಿ ಬರೆಯುವವರ ಪಾಡು ಇನ್ನೂ ತೊಡಕಿನದು. ಎಪಿಎ ಕುಲನಾಮ ಮೊದಲು ಬರಬೇಕು ಎನ್ನುತ್ತದೆ. ಎಸ್.ಎಲ್. ಭೈರಪ್ಪ ಎಂಬಲ್ಲಿ ಎಸ್ ಎಂದರೆ ಊರು ಸಂತೇಶಿವರ, ಎಲ್ ಎಂದರೆ ತಂದೆ ಲಿಂಗಣ್ಣಯ್ಯ. ಕುಲನಾಮವೇ ಇಲ್ಲದಲ್ಲಿ ಯಾವುದನ್ನು ಮುಂದೆ ತರುವುದು? ಕುವೆಂಪು ಅವರನ್ನು ಕ ಅಕ್ಷರದಡಿ ಹುಡುಕಬೇಕೋ, ಪುಟ್ಟಪ್ಪ ಎಂದು ಪ ಅಕ್ಷರದಡಿಯೋ? ಒಬ್ಬ ಗೈಡ್ ಹೇಳಿದ್ದು ಇನ್ನೊಬ್ಬರಿಗೆ ಸರಿಬರುವುದಿಲ್ಲ. ಯುನಿಕೋಡ್ ಅಲ್ಲದ, 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಾದ ಪ್ರಬಂಧವಾದರೆ, ಬೇರೆ ಕಂಪ್ಯೂಟರಿನಲ್ಲಿ ನಕಲಿಸಿದಾಗ ಅರ್ಥವಿಲ್ಲದ ಚಿಹ್ನೆಗಳಾಗಿ ಒಡೆದುಹೋಗುತ್ತದೆ. ಅಂಥ ಪ್ರಬಂಧ ಭಂಡಾರದಲ್ಲಿದ್ದರೂ ಅದರೊಳಗಿನ ಒಂದು ಪದವನ್ನು ಹುಡುಕಿ ತೆಗೆಯಲಾಗದು.

ಎಂ.ಎಂ. ಕಲಬುರ್ಗಿಯವರು 'ಕನ್ನಡ ಸಂಶೋಧನ ಶಾಸ್ತ್ರ' ಬರೆದು ಸಂಶೋಧನೆಯ ಶಿಸ್ತನ್ನು ಕನ್ನಡದಲ್ಲೇ ಚರ್ಚಿಸಬಹುದೆಂದು ತೋರಿಸಿಕೊಟ್ಟಿದ್ದಾರೆ. ಮೈಸೂರು, ಧಾರವಾಡ, ಹಂಪಿಯ ವಿದ್ವಾಂಸರು ಒಟ್ಟಿಗೆ ಕುಳಿತು, ಕನ್ನಡ ಹೆಸರುಗಳಿಗೆ, ಶಾಸನ ಮತ್ತು ಹಸ್ತಪ್ರತಿಗಳ ಉಲ್ಲೇಖಕ್ಕೆ, ಯುನಿಕೋಡ್ ಬಳಕೆಗೆ ಎಲ್ಲರೂ ಒಪ್ಪುವ ಒಂದು ಚಿಕ್ಕ ಕೈಪಿಡಿ ಮಾಡಿಕೊಡಲಿ. ಪ್ರತಿ ನಿಯಮದ ಪಕ್ಕದಲ್ಲಿ ಅದರ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ. ಮುಂದಿನ ಬ್ಯಾಚಿನ ವಿದ್ಯಾರ್ಥಿಗಳ ಕೈಗೆ ಸೀನಿಯರ್ ಫೈಲಿಗಿಂತ ಮೊದಲು ಅದು ತಲುಪಲಿ.